ವೀಸಾ ಸಿಗದಿದ್ದರೆ ಹನ್ನೆರಡು ಲಕ್ಷ ಹೋಗುತ್ತಾ?

ಬಸ್ಸಲ್ಲಿ ಕೂತು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಆಫೀಸಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೆಲಸ ಮಾಡೋ ಥರ ನಟಿಸ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಕಳೆದ ಎರಡು ತಿಂಗಳಲ್ಲಿ ನನಗೆ ಬಂದಿರೋ ವಾಯ್ಸ್ ನೋಟ್‌ಗಳಲ್ಲಿ ಅತಿ ಹೆಚ್ಚು ಸಲ ಕೇಳಿಸಿದ ಮಾತು ಇದು: "ಅಕ್ಕಾ, ಎಲ್ಲಾ ರೆಡಿ ಇದೆ, ವೀಸಾದ್ದೇ ಭಯ." ಯಾವ ದೇಶ ಅಂತ ಕೇಳಿದ್ರೆ ಅರ್ಧಕ್ಕರ್ಧ ಜನ ಜರ್ಮನಿ ಅಂತಾರೆ. ಯಾಕೆ ಅನ್ನೋದು ಗೊತ್ತಿರೋದೇ, ಅಲ್ಲಿನ ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀಸ್ ಇಲ್ಲ. ಹೆಚ್ಚಿನ ಅಂತ ಯಾಕೆ ಹೇಳ್ದೆ ಅಂದ್ರೆ, ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ ಕೂಡ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಫೀಸ್ ಶುರು ಮಾಡಿದೆ, ಅಲ್ಲಿ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. "ಜರ್ಮನಿ ಅಂದ್ರೆ ಫ್ರೀ" ಅಂತ ಕಣ್ಣು ಮುಚ್ಚಿ ಹೇಳೋರ ಮಾತು ನಂಬಬೇಡಿ.

ಸರಿ, ವೀಸಾ ಭಯ. ಇದರ ಬಗ್ಗೆ ಮಾತಾಡೋಕೆ ನನಗೆ ಒಂದು ಕಾರಣ ಇದೆ. ನನ್ನ ಚಿಕ್ಕಪ್ಪನ ಮಗಳು ಮಾಸ್ಟರ್ಸ್‌ಗೆ ಅಂತ ಜರ್ಮನಿಗೆ ಅಪ್ಲೈ ಮಾಡಿದ್ದಾಳೆ. ಓದಿದ್ದು ಮೆಕ್ಯಾನಿಕಲ್, ಎರಡು ವರ್ಷದಿಂದ ಪೀಣ್ಯದಲ್ಲಿ ಒಂದು ಚಿಕ್ಕ ಕಂಪನಿಯಲ್ಲಿ ಕೆಲಸ. ಮನೆಯಲ್ಲಿ ಬಿಕಾಂ ಮಾಡಿರೋಳು ನಾನೊಬ್ಬಳೇ. ಅದೂ ಪಾಡ್‌ಕಾಸ್ಟ್‌ಗೆ ಬರೋ ಮುಂಚೆ ಎರಡು ವರ್ಷ ಆಡಿಟರ್ ಆಫೀಸಲ್ಲಿ ವೋಚರ್ ಎಣಿಸಿದವಳು. ಹಾಗಾಗಿ ದುಡ್ಡಿನ ಫೈಲ್ ನನ್ನ ತಲೆ ಮೇಲೆ ಬಂತು. ಊರು ತಿಪಟೂರಿನ ಹತ್ತಿರ. ತೆಂಗಿನ ತೋಟ. ನಾನು ಊರಿಗೆ ಹೋದಾಗ ಚಿಕ್ಕಪ್ಪ ಆಗಲೇ ತೀರ್ಮಾನ ಮಾಡಿಬಿಟ್ಟಿದ್ರು.

"ನೋಡಮ್ಮ, ಕೆರೆ ಕಡೆಯ ಅರ್ಧ ಎಕರೆ ಕೊಟ್ಟುಬಿಡ್ತೀನಿ. ಪಕ್ಕದ ತೋಟದೋನು ಕೇಳ್ತಾ ಇದಾನೆ. ಹನ್ನೆರಡು ಲಕ್ಷ ಎಂಬೆಸಿಯೋರಿಗೆ ಕಟ್ಟಬೇಕಂತಲ್ಲ."

ಚಿಕ್ಕಮ್ಮ ಪಕ್ಕದಲ್ಲೇ ಕೂತಿದ್ರು. ಅವರು ಕೇಳಿದ್ದು ಒಂದೇ ಮಾತು: "ಕಟ್ಟಿದ ಮೇಲೆ ವೀಸಾ ಕೊಡಲಿಲ್ಲ ಅಂದ್ರೆ?"

ಈ ಒಂದು ಪ್ರಶ್ನೆಯಲ್ಲೇ ನಿಮ್ಮೆಲ್ಲರ ವಾಯ್ಸ್ ನೋಟ್ ಇದೆ ಅನ್ನಿಸ್ತು. ಅದಕ್ಕೆ ಇವತ್ತು ಅದನ್ನೇ ಲೆಕ್ಕ ಹಾಕೋಣ.

ಮೊದಲು ಆ ಹನ್ನೆರಡು ಲಕ್ಷ ಏನು ಅಂತ ನೋಡೋಣ. ಅದರ ಹೆಸರು ಬ್ಲಾಕ್ಡ್ ಅಕೌಂಟ್. ವಿದ್ಯಾರ್ಥಿಯೊಬ್ಬರಿಗೆ ಒಂದು ವರ್ಷ ಅಲ್ಲಿ ಊಟ, ಬಾಡಿಗೆ, ಇನ್ಶೂರೆನ್ಸ್‌ಗೆ ಇಷ್ಟು ಬೇಕು ಅಂತ ಜರ್ಮನಿ ಒಂದು ಮೊತ್ತ ಹೇಳುತ್ತೆ. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ಅದಕ್ಕೆ ಮುಂಚೆ 11,208 ಇತ್ತು, ಅಂದ್ರೆ ಏರ್ತಾ ಇರುತ್ತೆ. ನೀವು ಅಪ್ಲೈ ಮಾಡೋ ದಿನ ಕಾನ್ಸುಲೇಟ್ ವೆಬ್‌ಸೈಟಲ್ಲಿ ಎಷ್ಟಿದೆಯೋ ಅದೇ ಲೆಕ್ಕ. ಯೂರೋಗೆ ನೂರು ರೂಪಾಯಿ ಅಂತ ಹಿಡಿದ್ರೆ ಹನ್ನೆರಡು ಲಕ್ಷಕ್ಕೆ ಸ್ವಲ್ಪ ಕಮ್ಮಿ. ಈ ದುಡ್ಡನ್ನ ವಿದ್ಯಾರ್ಥಿಯ ಹೆಸರಲ್ಲೇ ಒಂದು ಖಾತೆಗೆ ಹಾಕ್ತೀರಿ. ಅವರು ಅಲ್ಲಿಗೆ ಹೋಗಿ ಇಳಿದ ಮೇಲೆ ತಿಂಗಳಿಗೆ 992 ಯೂರೋ ಅವರ ಕೈಗೆ ಬಿಡುಗಡೆ ಆಗುತ್ತೆ. 992 ಇಂಟು 12, ನೀವೇ ಗುಣಿಸಿ ನೋಡಿ.

ಅಂದ್ರೆ ಇದು ಫೀಸ್ ಅಲ್ಲ. ಎಂಬೆಸಿಗೂ ಹೋಗಲ್ಲ, ಯೂನಿವರ್ಸಿಟಿಗೂ ಹೋಗಲ್ಲ. ನಿಮ್ಮ ದುಡ್ಡು, ನಿಮ್ಮ ಹೆಸರಲ್ಲೇ ಇರುತ್ತೆ, ಬೀಗದ ಕೀಲಿ ಮಾತ್ರ ಬೇರೆಯವರ ಹತ್ರ. ವೀಸಾ ಸಿಗಲಿಲ್ಲ ಅಂದ್ರೆ ರಿಜೆಕ್ಷನ್ ಪತ್ರ ಕಳಿಸಿ ಖಾತೆ ಮುಚ್ಚಿಸಿದ್ರೆ ವಾಪಸ್ ಬರುತ್ತೆ. ಚಿಕ್ಕಪ್ಪನಿಗೆ ಇದನ್ನ ಮೂರು ಸಲ ಹೇಳಬೇಕಾಯ್ತು. ಕಟ್ಟೋದು ಅನ್ನೋ ಪದದ್ದೇ ತೊಂದರೆ ಅನ್ಸುತ್ತೆ. ನಮ್ಮಲ್ಲಿ ದುಡ್ಡು ಕಟ್ಟಿದ್ರೆ ಹೋಯ್ತು ಅಂತಲೇ ಅರ್ಥ.

ಆಮೇಲೆ ನಾನು ಚಿಕ್ಕಮ್ಮನ ಹಳೇ ಕ್ಯಾಲೆಂಡರ್ ಹಿಂದೆ ಎರಡು ಕಾಲಂ ಹಾಕಿದೆ. ಒಂದರಲ್ಲಿ ವಾಪಸ್ ಬರೋ ದುಡ್ಡು, ಇನ್ನೊಂದರಲ್ಲಿ ಬರದೇ ಇರೋ ದುಡ್ಡು. ನೀವೂ ಮೊಬೈಲ್ ನೋಟ್ಸಲ್ಲಿ ಬರ್ಕೊಳ್ಳಿ.

ವಾಪಸ್ ಬರದ ಕಾಲಂ. ಐಇಎಲ್‌ಟಿಎಸ್ ಪರೀಕ್ಷೆ, ಹದಿನೇಳು ಹದಿನೆಂಟು ಸಾವಿರ. ಎಪಿಎಸ್ ಸರ್ಟಿಫಿಕೇಟ್, 18 ಸಾವಿರ. ಈ ಎಪಿಎಸ್ ಅನ್ನೋದು ನಮ್ಮ ಮಾರ್ಕ್ಸ್ ಕಾರ್ಡ್, ಡಿಗ್ರಿ ಅಸಲಿನಾ ಅಂತ ಪರಿಶೀಲಿಸೋ ವ್ಯವಸ್ಥೆ. ದೆಹಲಿಯಲ್ಲಿದೆ, ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್ 1ರಿಂದ ಕಡ್ಡಾಯ. ಆಮೇಲೆ ಯೂನಿ ಅಸಿಸ್ಟ್ ಮೂಲಕ ಯೂನಿವರ್ಸಿಟಿಗಳಿಗೆ ಅರ್ಜಿ, ಮೊದಲನೇದಕ್ಕೆ 75 ಯೂರೋ, ಆಮೇಲೆ ಒಂದೊಂದಕ್ಕೆ 30. ನಾಲ್ಕು ಕಡೆ ಹಾಕಿದ್ರೆ 165 ಯೂರೋ, ಹದಿನಾರೂವರೆ ಸಾವಿರ. ವೀಸಾ ಫೀಸ್ 75 ಯೂರೋ, ಏಳೂವರೆ ಸಾವಿರ. ಬ್ಲಾಕ್ಡ್ ಅಕೌಂಟ್ ತೆರೆಯೋ ಖರ್ಚು, ಇನ್ಶೂರೆನ್ಸ್, ಸಣ್ಣಪುಟ್ಟ ಸೇರಿ ಹತ್ತು ಸಾವಿರ ಇಟ್ಕೊಳ್ಳಿ. ಕೊನೆಗೆ ಯಾರೂ ಹೇಳದೇ ಇರೋದು, ಎಕ್ಸ್‌ಚೇಂಜ್. ರೂಪಾಯಿಯನ್ನ ಯೂರೋ ಮಾಡಿ ಕಳಿಸೋವಾಗ ಒಂದೂವರೆ ಪರ್ಸೆಂಟ್, ವಾಪಸ್ ತರೋವಾಗ ಇನ್ನೊಂದೂವರೆ ಪರ್ಸೆಂಟ್ ಸವೆಯುತ್ತೆ ಅಂತ ಹಿಡಿದ್ರೆ ಸುಮಾರು 36 ಸಾವಿರ.

ಕೂಡಿಸಿದ್ರೆ ಒಂದು ಲಕ್ಷದ ಆಸುಪಾಸು. ಸಾಲ ತಗೊಂಡಿದ್ರೆ ಮೂರು ತಿಂಗಳ ಬಡ್ಡಿ ಇನ್ನೊಂದು ಮೂವತ್ತು ಸಾವಿರ.

ಒಂದು ಲಕ್ಷದ ಮೂವತ್ತು ಸಾವಿರ ಕಮ್ಮಿ ದುಡ್ಡು ಅಂತ ನಾನು ಹೇಳ್ತಿಲ್ಲ. ಪೀಣ್ಯದ ಸಂಬಳದಲ್ಲಿ ಅದನ್ನ ಉಳಿಸೋಕೆ ಎಷ್ಟು ತಿಂಗಳು ಬೇಕು ಅಂತ ನನ್ನ ತಂಗಿಗೆ ಗೊತ್ತು. ಆದ್ರೆ ಅದು ಹನ್ನೆರಡು ಲಕ್ಷ ಅಲ್ಲ. ಚಿಕ್ಕಮ್ಮ ರಾತ್ರಿ ನಿದ್ದೆಗೆಟ್ಟಿದ್ದು ಹನ್ನೆರಡು ಲಕ್ಷಕ್ಕೆ.

ಈಗ ಅರ್ಧ ಎಕರೆಯ ವಿಷಯ. ಮೇಲೆ ಹೇಳಿದ ಯಾವ ಕಾಲಂನಲ್ಲೂ ಅದು ಇಲ್ಲ ನೋಡಿ. ಬ್ಲಾಕ್ಡ್ ಅಕೌಂಟ್ ದುಡ್ಡು ವಾಪಸ್ ಬರುತ್ತೆ, ಮಾರಿದ ತೋಟ ಬರಲ್ಲ. ಪಕ್ಕದೋನಿಗೆ ಹೋಗಿ "ವೀಸಾ ಸಿಗ್ಲಿಲ್ಲ, ವಾಪಸ್ ಕೊಡಪ್ಪಾ" ಅನ್ನೋಕಾಗುತ್ತಾ? ಹೊಸದಾಗಿ ಸಸಿ ಇಟ್ರೂ ನಮ್ಮ ಕಡೆಯ ತೆಂಗು ಫಲಕ್ಕೆ ಬರೋಕೆ ಆರೇಳು ವರ್ಷ. ವೀಸಾ ರಿಜೆಕ್ಟ್ ಆದ್ರೆ ಆಗೋ ದೊಡ್ಡ ನಷ್ಟ ಅಂದ್ರೆ ಇದೊಂದೇ, ಮತ್ತು ಇದನ್ನ ಮಾಡೋದು ಕಾನ್ಸುಲೇಟ್ ಅಲ್ಲ, ನಾವೇ.

ಚಿಕ್ಕಪ್ಪ ಮಾರೋಕೆ ಹೊರಟಿದ್ದಕ್ಕೂ ಒಂದು ಕಾರಣ ಇತ್ತು. ಎಜುಕೇಶನ್ ಲೋನ್‌ಗೆ ಏಳೂವರೆ ಲಕ್ಷ ದಾಟಿದ್ರೆ ಬ್ಯಾಂಕ್‌ಗಳು ಸಾಮಾನ್ಯವಾಗಿ ಆಸ್ತಿ ಅಡ ಕೇಳ್ತವೆ, ಕೃಷಿ ಜಮೀನನ್ನ ಹೆಚ್ಚಾಗಿ ಒಪ್ಪಲ್ಲ. ತೋಟ ಇದೆ, ಆದ್ರೆ ಬ್ಯಾಂಕ್‌ಗೆ ಬೇಡ. ಹಾಗಾದ್ರೆ ಮಾರೋದು ಅಂತ ಅವರು ಅಂದ್ಕೊಂಡಿದ್ರು. ಕೊನೆಗೆ ಊರೊಳಗಿನ ಮನೆಯ ಖಾತೆ ಇಟ್ಟು ಸಾಲ ಮಾಡಿದ್ದಾಯ್ತು. ಇದು ಸುಲಭದ ಮಾತಾಗಿರಲಿಲ್ಲ. "ತೋಟ ಉಳಿಸೋಕೆ ಮನೆ ಇಡೋದಾ?" ಅಂತ ಚಿಕ್ಕಮ್ಮ ಕೇಳಿದ್ರು. ಅದಕ್ಕೆ ನನ್ನ ಹತ್ರ ಪೂರ್ತಿ ಸಮಾಧಾನದ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವಳು ಓದಿ ಮುಗಿಸಿ ಕೆಲಸ ಸಿಗದೇ ಹೋದ್ರೆ ಮನೆಯ ಮೇಲೆ ಸಾಲ ಇರೋದು ನಿಜ. ಆದ್ರೆ ಆ ಭಯ ವೀಸಾದ್ದಲ್ಲ, ಬೇರೆ. ಅದಕ್ಕೆ ಬೇರೆ ಲೆಕ್ಕ ಬೇಕು. ವೀಸಾ ಸಿಗದಿದ್ರೆ ಅಸಲು ಬ್ಯಾಂಕ್‌ಗೆ ವಾಪಸ್ ಹೋಗುತ್ತೆ, ಪತ್ರ ಮನೆಗೆ ಬರುತ್ತೆ, ತೋಟ ಇದ್ದಲ್ಲೇ ಇರುತ್ತೆ. ಇಷ್ಟು ಮಾತ್ರ ಧೈರ್ಯವಾಗಿ ಹೇಳಿದೆ.

ಇಲ್ಲಿ ಒಂದೆರಡು ಕಾಮರ್ಸ್ ಮಾತು, ಬೋರ್ ಆದ್ರೆ ಮೂವತ್ತು ಸೆಕೆಂಡ್ ಮುಂದಕ್ಕೆ ಓಡಿಸಿ. ಸಾಲ ಮಂಜೂರಾಗೋದು ಬೇರೆ, ದುಡ್ಡು ಬಿಡುಗಡೆ ಆಗೋದು ಬೇರೆ. ಬಡ್ಡಿ ಶುರುವಾಗೋದು ಬಿಡುಗಡೆ ಆದ ದಿನದಿಂದ. ಹಾಗಾಗಿ ಮಂಜೂರಾತಿ ಬೇಗ ಮಾಡಿಸಿಟ್ಕೊಳ್ಳಿ, ಅಡ್ಮಿಷನ್ ಲೆಟರ್ ಕೈಗೆ ಬಂದ ಮೇಲೆ ದುಡ್ಡು ಬಿಡಿಸಿ. ಇನ್ನೊಂದು, ಟಿಸಿಎಸ್. ವಿದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕ್ ಹಿಡಿಯೋ ತೆರಿಗೆ. 2025ರ ಏಪ್ರಿಲ್‌ನಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ದಾಟಿದ ಭಾಗಕ್ಕೆ ಮಾತ್ರ ಅದು. ಬ್ಯಾಂಕಿನ ಎಜುಕೇಶನ್ ಲೋನ್ ದುಡ್ಡಾಗಿದ್ರೆ ಅದೂ ಇಲ್ಲ. ಸ್ವಂತ ದುಡ್ಡಿಂದ ಕಳಿಸಿ ಹಿಡಿದ್ರೂ ಅದು ಕಳೆದುಹೋದ ದುಡ್ಡಲ್ಲ, ರಿಟರ್ನ್ಸ್ ಫೈಲ್ ಮಾಡಿ ಲೆಕ್ಕಕ್ಕೆ ತಗೋಬಹುದು. "ನಮಗೇನು ಟ್ಯಾಕ್ಸ್ ಇಲ್ಲ" ಅಂತ ರಿಟರ್ನ್ಸ್ ಹಾಕದೇ ಬಿಡೋರು ಆ ದುಡ್ಡನ್ನ ಸರ್ಕಾರಕ್ಕೆ ದಾನ ಕೊಟ್ಟಂಗೆ.

ದುಡ್ಡಿನ ಭಯ ಹೀಗೆ ಸ್ವಲ್ಪ ಇಳೀತು. ಹಾಗಂತ ವೀಸಾ ಫೈಲ್‌ನ ಹಗುರವಾಗಿ ತಗೊಳ್ಳೋ ಹಾಗಿಲ್ಲ, ಯಾಕಂದ್ರೆ ಒಂದು ಬದಲಾವಣೆ ಆಗಿದೆ. ಮುಂಚೆ ಜರ್ಮನಿ ವೀಸಾ ತಿರಸ್ಕಾರ ಆದ್ರೆ ಕಾನ್ಸುಲೇಟ್‌ಗೇ ಒಂದು ಆಕ್ಷೇಪಣೆ ಪತ್ರ ಬರೆದು, ಬಿಟ್ಟುಹೋದ ಕಾಗದ ಸೇರಿಸಿ, ಮತ್ತೊಂದು ಸಲ ನೋಡಿ ಅಂತ ಕೇಳಬಹುದಿತ್ತು. 2025ರ ಜುಲೈ 1ರಿಂದ ಆ ವ್ಯವಸ್ಥೆಯನ್ನೇ ತೆಗೆದುಬಿಟ್ಟಿದ್ದಾರೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲಾಂದ್ರೆ ಬರ್ಲಿನ್‌ನ ಕೋರ್ಟಿಗೆ ಹೋಗಬೇಕು. ತಿಪಟೂರಿಂದ ಬರ್ಲಿನ್ ಕೋರ್ಟಿಗೆ ಯಾರು ಹೋಗ್ತಾರೆ ಹೇಳಿ. ಹೊಸ ಅರ್ಜಿ ಅಂದ್ರೆ ಸೆಮಿಸ್ಟರ್ ತಪ್ಪಿಹೋಗೋ ಸಾಧ್ಯತೆ ಜಾಸ್ತಿ. ಅಂದ್ರೆ ಮೊದಲನೇ ಫೈಲೇ ಸರಿಯಾಗಿರಬೇಕು.

ಮೊದಲನೇ ಫೈಲಲ್ಲಿ ನಮ್ಮ ಕಡೆಯವರು ಎಡವೋದು ಎಲ್ಲಿ ಗೊತ್ತಾ? ಹೆಸರಲ್ಲಿ. ನಗಬೇಡಿ. ನನ್ನ ತಂಗಿಗೆ ಎರಡು ಇನಿಷಿಯಲ್, ಒಂದು ಊರಿಂದು, ಒಂದು ಅಪ್ಪಂದು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಮುಂದೆ, ಡಿಗ್ರಿ ಸರ್ಟಿಫಿಕೇಟಲ್ಲಿ ಹಿಂದೆ, ಆಧಾರಲ್ಲಿ ಒಂದೇ ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್‌ಗಳನ್ನ ಬಿಡಿಸಿ ಪೂರ್ತಿ ಬರೀಬೇಕು. ಅಂದ್ರೆ ಅವಳ ಸರ್‌ನೇಮ್ ಜಾಗದಲ್ಲಿ ಊರಿನ ಹೆಸರು ಕೂರುತ್ತೆ, ಅಪ್ಪನ ಹೆಸರೂ ಕೂರುತ್ತೆ. ಉತ್ತರ ಭಾರತದೋರಿಗೆ, ವಿದೇಶದೋರಿಗೆ ಇದು ಅರ್ಥ ಆಗೋದು ಕಷ್ಟ. ಸರ್‌ನೇಮ್ ಖಾಲಿ ಬಿಟ್ಟೋರ ಪಾಡು ಇನ್ನೊಂಥರ. ಅಮೆರಿಕ ವೀಸಾದಲ್ಲಿ ಅಂಥೋರ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರುತ್ತೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಲ್ಲಿ ಒಂದೇ ಹೆಸರು ಇರೋರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದುಬಿಡ್ತು. ಆಮೇಲೆ ಕೊನೆ ಪುಟದಲ್ಲಿ ಅಪ್ಪನ ಹೆಸರಿದ್ರೆ ಸರಿ ಅಂತ ಸಡಿಲ ಮಾಡಿದ್ರು.

ಹಾಗಾಗಿ ಯಾವ ದೇಶ ಅಂತ ತೀರ್ಮಾನ ಆಗೋ ಮುಂಚೆಯೇ ನಿಮ್ಮ ಎಲ್ಲಾ ಕಾಗದ ನೆಲದ ಮೇಲೆ ಹರಡಿ ಹೆಸರು ಒಂದೇ ಥರ ಇದೆಯಾ ನೋಡಿ. ಇಲ್ಲಾಂದ್ರೆ ಆಧಾರ್ ತಿದ್ದಿಸಿ, ಪಾಸ್‌ಪೋರ್ಟ್ ಸರಿ ಮಾಡಿಸಿ. ತಿದ್ದೋಕಾಗದ ಹಳೇ ಮಾರ್ಕ್ಸ್ ಕಾರ್ಡಿಗೆ ಇಬ್ಬರೂ ಒಬ್ಬರೇ ವ್ಯಕ್ತಿ ಅಂತ ನೋಟರಿ ಅಫಿಡವಿಟ್ ಮಾಡಿಸಿಡಿ. ಈ ಕೆಲಸಕ್ಕೆ ಅಡ್ಮಿಷನ್ ಬೇಕಾಗಿಲ್ಲ, ಇವತ್ತೇ ಶುರು ಮಾಡಬಹುದು. ಅಂದಹಾಗೆ ಜರ್ಮನಿಯಲ್ಲಿ ಕಾಲಿಂಗ್ ಬೆಲ್ ಮೇಲೆ, ಅಂಚೆ ಡಬ್ಬಿ ಮೇಲೆ ಸರ್‌ನೇಮ್ ಬರೀತಾರಂತೆ. ಅಲ್ಲಿ ತಮ್ಮ ಹೆಸರು, ಊರಿನ ಹೆಸರು ಇರುತ್ತೆ ಅಂತ ಕೇಳಿ ಚಿಕ್ಕಪ್ಪನಿಗೆ ಅವತ್ತಿನ ಮೊದಲ ಖುಷಿ.

ಇನ್ನೊಂದು, ಮೋಟಿವೇಶನ್ ಲೆಟರ್. ತಂಗಿ ಮೊದಲು ಕಳಿಸಿದ ಡ್ರಾಫ್ಟ್ ಓದಿದೆ. ಚಿಕ್ಕಂದಿನಿಂದ ಯಂತ್ರಗಳೆಂದರೆ ಅಪಾರ ಆಸಕ್ತಿ, ಜರ್ಮನಿಯ ಶ್ರೀಮಂತ ಸಂಸ್ಕೃತಿ, ಹೀಗೆ. ಇಂಟರ್ನೆಟ್ಟಲ್ಲಿ ಸಿಗೋ ಸಾವಿರ ಪತ್ರಗಳಲ್ಲಿ ಒಂದು. ಪತ್ರ ಪಕ್ಕಕ್ಕಿಟ್ಟು "ಯಾಕೆ ಹೋಗ್ತಿದ್ದೀಯಾ, ನನಗೆ ಹೇಳು" ಅಂದೆ. ಅವಳು ಹೇಳಿದ್ಲು: "ಅಕ್ಕಾ, ನಮ್ಮ ಕಂಪನಿಯಲ್ಲಿ ಒಂದು ಸಿಎನ್‌ಸಿ ಮಷೀನ್ ಇದೆ, ಅದು ಕೆಟ್ಟರೆ ಸರಿ ಮಾಡೋಕೆ ಹೊರಗಿಂದ ಜನ ಬರಬೇಕು, ಅಲ್ಲಿವರೆಗೆ ಲೈನ್ ನಿಂತಿರುತ್ತೆ. ಅದು ಯಾವಾಗ ಕೆಡುತ್ತೆ ಅಂತ ಮುಂಚೆನೇ ಗೊತ್ತು ಮಾಡೋ ವಿದ್ಯೆ ಆ ಕೋರ್ಸಲ್ಲಿದೆ." ಅಷ್ಟೇ. ಅದನ್ನೇ ಬರೀ ಅಂದೆ. ಎರಡು ವರ್ಷ ಯಾಕೆ ಓದಲಿಲ್ಲ ಅನ್ನೋ ಪ್ರಶ್ನೆಗೂ ಅದರಲ್ಲೇ ಉತ್ತರ ಇತ್ತು. ಸಂಬಳದ ಸ್ಲಿಪ್, ಆಫರ್ ಲೆಟರ್ ಪಕ್ಕದಲ್ಲಿಟ್ಟರೆ ಮುಗೀತು. ಗ್ಯಾಪ್ ಇರೋರು ಅದನ್ನ ಮುಚ್ಚೋಕೆ ಹೋಗ್ತಾರೆ. ಮುಚ್ಚಬೇಡಿ, ಕಾಗದ ಇಟ್ಟು ಹೇಳಿ.

ಭಯ ಇರೋ ಕಡೆ ಏಜೆಂಟ್ ಇರ್ತಾನೆ. ಎಲ್ಲಾ ಏಜೆಂಟರೂ ಕೆಟ್ಟೋರಲ್ಲ, ಅರ್ಜಿ ತುಂಬೋಕೆ ಸಹಾಯ ಮಾಡೋರು ಇದ್ದಾರೆ. ಆದ್ರೆ ಎರಡು ಮಾತು ಕೇಳಿಸಿದ ಕೂಡಲೇ ಎದ್ದು ಬನ್ನಿ. ಒಂದು, "ವೀಸಾ ಸೆಂಟರಲ್ಲಿ ನಮಗೆ ಗೊತ್ತಿರೋರಿದ್ದಾರೆ." ವಿಎಫ್‌ಎಸ್‌ನಂಥ ಸೆಂಟರ್‌ನವರು ಕಾಗದ ತಗೋತಾರೆ, ಬೆರಳಚ್ಚು ತಗೋತಾರೆ, ತೀರ್ಮಾನ ಅವರದ್ದಲ್ಲ. ಅದನ್ನ ಮಾಡೋದು ಕಾನ್ಸುಲೇಟ್. ಎರಡು, "ಬ್ಯಾಂಕ್ ಬ್ಯಾಲೆನ್ಸ್ ನಾವು ತೋರಿಸಿಕೊಡ್ತೀವಿ." ಬ್ರಿಟನ್‌ನ ಸ್ಟೂಡೆಂಟ್ ವೀಸಾಗೆ ದುಡ್ಡು ಸತತ 28 ದಿನ ಖಾತೆಯಲ್ಲಿರಬೇಕು ಅಂತ ನಿಯಮ ಇದೆಯಲ್ಲ, ಅದಕ್ಕೆ ಅಂತಲೇ ತಿಂಗಳ ಮಟ್ಟಿಗೆ ದುಡ್ಡು ಹಾಕಿ ತೆಗೆಯೋ ದಂಧೆ ಇದೆ. ಆ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದ್ರೆ ಉತ್ತರ ಕೊಡಬೇಕಾದೋರು ನೀವು. ಸಿಕ್ಕಿಬಿದ್ರೆ ಬರೀ ರಿಜೆಕ್ಷನ್ ಅಲ್ಲ. ಸುಳ್ಳು ದಾಖಲೆ ಅಂತಾದ್ರೆ ಕೆನಡಾದಲ್ಲಿ 5 ವರ್ಷ ನಿಷೇಧ, ಬ್ರಿಟನ್‌ನಲ್ಲಿ 10 ವರ್ಷದವರೆಗೂ ಆಗಬಹುದು. 2023ರಲ್ಲಿ ಕೆನಡಾದಲ್ಲಿದ್ದ ನಮ್ಮ ದೇಶದ ಎಷ್ಟೋ ವಿದ್ಯಾರ್ಥಿಗಳ ಕಥೆ ನೆನಪಿದೆಯಾ? ಏಜೆಂಟ್ ಕೊಟ್ಟ ಅಡ್ಮಿಷನ್ ಪತ್ರ ನಕಲಿ ಅಂತ ಅವರಿಗೆ ಗೊತ್ತಾಗಿದ್ದು ವರ್ಷಗಳ ಮೇಲೆ, ಪರ್ಮನೆಂಟ್ ರೆಸಿಡೆನ್ಸಿಗೆ ಅರ್ಜಿ ಹಾಕಿದಾಗ. ಓದು ಮುಗಿದಿತ್ತು, ಕೆಲಸ ಸಿಕ್ಕಿತ್ತು, ಆಮೇಲೆ ಗಡೀಪಾರಿನ ನೋಟಿಸ್ ಬಂತು.

ಸಮಯದ ವಿಷಯ ಬೇಗ ಹೇಳಿಬಿಡ್ತೀನಿ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಕ್ಲಾಸು ಅಕ್ಟೋಬರಲ್ಲಿ ಶುರು. ಎಷ್ಟೋ ಕೋರ್ಸುಗಳಿಗೆ ಅರ್ಜಿಯ ಕೊನೇ ದಿನ ಜುಲೈ 15. ಕೊನೇ ದಿನಕ್ಕೆ ಹಾಕಿ, ಆಗಸ್ಟಲ್ಲಿ ಅಡ್ಮಿಷನ್ ಬಂದು, ಆಮೇಲೆ ಬ್ಲಾಕ್ಡ್ ಅಕೌಂಟ್, ಆಮೇಲೆ ವೀಸಾ ಅಂತ ಹೊರಟರೆ ಎದೆ ಬಡಿತ ಜಾಸ್ತಿ ಆಗದೇ ಇನ್ನೇನಾಗುತ್ತೆ. ಎಪಿಎಸ್‌ಗೆ ವಾರಗಳು ಬೇಕು, ವೀಸಾಗೂ ವಾರಗಳು, ಕೆಲವು ಸಲ ತಿಂಗಳುಗಳು. ಬೇಗ ತೀರ್ಮಾನ ಕೊಡೋ ಯೂನಿವರ್ಸಿಟಿಗಳಿಗೆ ಮೊದಲು ಹಾಕಿ. ಮತ್ತು ದಯವಿಟ್ಟು, ವೀಸಾ ಸ್ಟಾಂಪ್ ಆದ ಪಾಸ್‌ಪೋರ್ಟ್ ಕೈಗೆ ಬರೋವರೆಗೂ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಪಿಜಿ ಖಾಲಿ ಮಾಡಬೇಡಿ, ವಾಪಸ್ ಸಿಗದ ಟಿಕೆಟ್ ಬುಕ್ ಮಾಡಬೇಡಿ. ನೋಟಿಸ್ ಪೀರಿಯಡ್ ದೊಡ್ಡದಿದ್ರೆ ಮ್ಯಾನೇಜರ್ ಹತ್ರ ಮುಂಚೆನೇ ಮಾತಾಡಿ ನೋಡಿ. ತಂಗಿ ಮಾತಾಡಿದ್ಲು, ಅವರು ಅಂದ್ಕೊಂಡಿದ್ದಕ್ಕಿಂತ ಒಳ್ಳೇವ್ರಾಗಿದ್ರು.

ಓದೋಕಲ್ಲ, ಕೆಲಸ ಹುಡುಕೋಕೆ ಹೋಗ್ತೀವಿ ಅಂತ ಆಪರ್ಚುನಿಟಿ ಕಾರ್ಡ್ ಬಗ್ಗೆ ಕೇಳಿದೋರಿಗೆ ಒಂದೇ ಮಾತು. 2024ರ ಜೂನ್‌ನಿಂದ ಇದೆ, ಕನಿಷ್ಠ 6 ಪಾಯಿಂಟ್ ಬೇಕು, ಒಂದು ವರ್ಷ ಅಲ್ಲಿದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ಪಾರ್ಟ್ ಟೈಮ್ ಮಾಡಬಹುದು. ಅದಕ್ಕೂ ತಿಂಗಳಿಗೆ ಸಾವಿರ ಚಿಲ್ಲರೆ ಯೂರೋ ತೋರಿಸಬೇಕು. ಆದ್ರೆ ವಿದ್ಯಾರ್ಥಿ ಆ ದುಡ್ಡು ಖರ್ಚು ಮಾಡಿದ್ರೆ ಕೊನೆಗೆ ಡಿಗ್ರಿ ಇರುತ್ತೆ, ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳ ಅವಕಾಶ ಇರುತ್ತೆ. ಇಲ್ಲಿ ಕೆಲಸ ಸಿಗದಿದ್ರೆ ವರ್ಷದ ಖರ್ಚು ಖರ್ಚೇ. ಆ ಹನ್ನೆರಡು ಹದಿಮೂರು ಲಕ್ಷ ನಿಜವಾಗಿಯೂ ವಾಪಸ್ ಬರದ ಕಾಲಂನಲ್ಲಿದೆ. ಜರ್ಮನ್ ಭಾಷೆ ಸ್ವಲ್ಪವೂ ಬರದೇ ಅದಕ್ಕೆ ಸಾಲ ಮಾಡಬೇಡಿ ಅನ್ನೋದು ನನ್ನ ಅಭಿಪ್ರಾಯ. ಬೈಯೋರು ಬೈಬಹುದು.

ತಂಗಿಯ ಫೈಲ್ ಈಗ ಬೆಂಗಳೂರಿನ ಕಾನ್ಸುಲೇಟ್‌ನಲ್ಲಿದೆ. ಉತ್ತರ ಇನ್ನೂ ಬಂದಿಲ್ಲ. ಅವಳು ದಿನಾ ಪೀಣ್ಯಕ್ಕೆ ಹೋಗಿ ಬರ್ತಿದ್ದಾಳೆ, ಸಂಜೆ ಜರ್ಮನ್ ಕ್ಲಾಸ್. ಚಿಕ್ಕಪ್ಪ ವಾರಕ್ಕೊಂದ್ಸಲ ಫೋನ್ ಮಾಡಿ "ಏನಾದ್ರೂ ಬಂತೇನಮ್ಮ" ಅಂತಾರೆ, ಇಲ್ಲ ಅಂದ್ರೆ ಕೊಬ್ಬರಿ ರೇಟ್ ಹೇಳಿ ಇಡ್ತಾರೆ.

ಮುಂದಿನ ವಾರ ಎಜುಕೇಶನ್ ಲೋನ್ ಕಾಗದಪತ್ರದ ಬಗ್ಗೆಯೇ ಒಂದು ಎಪಿಸೋಡ್ ಮಾಡ್ತೀನಿ. ಬ್ಯಾಂಕಲ್ಲಿ ನಿಮ್ಮನ್ನ ಏನೇನು ಕೇಳಿದ್ರು, ಎಷ್ಟು ಸಲ ಅಲೆಸಿದ್ರು, ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ. ಬ್ಯಾಂಕ್ ಹೆಸರು, ಮ್ಯಾನೇಜರ್ ಹೆಸರು ಬೇಡ, ಕೇಳಿದ ಕಾಗದಗಳ ಪಟ್ಟಿ ಸಾಕು. ಮತ್ತೆ ಸಿಗೋಣ, ನಮಸ್ಕಾರ.